ಆಯ್ದವರ ತಂಡಕ್ಕೂ ಆಡಲು ಕಾರಣ ಬೇಕು

ಸುಗ್ಗಿ ಮುಗಿಯಿತೆಂದರೆ ಮಾನ್ವಿ ಸೀಮೆಯ ತುಂಗಭದ್ರೆ ದಂಡೆಯಲ್ಲಿ ಭತ್ತದ ಗದ್ದೆಗಳು ಬಯಲಾಗುತ್ತವೆ. ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಾರದ ವರ್ಷವಂತೂ ಆ ಬಯಲು ಬೇಸಿಗೆ ಕಳೆಯುವ ತನಕ ಹುಡುಗರದೇ. ಚೀಕಲಪರ್ವಿಯಂಥ ಊರಿನಲ್ಲಿ ಕೂಳೆ ಕೆತ್ತಿ, ನೀರು ಹೊಡೆದು, ಟ್ರ್ಯಾಕ್ಟರ್ ಹಾಯಿಸಿ ಗಟ್ಟಿ ಮಾಡಿದ್ದೇ ಪಿಚ್ಚು. ಸುಣ್ಣದ ಪುಡಿಯಲ್ಲಿ ಎಳೆದದ್ದೇ ಗೆರೆ. ಗದ್ದೆಯ ಬದು ದಾಟಿದರೆ ಬೌಂಡರಿ. ಟೆನಿಸ್ ಚೆಂಡು, ಆರೋ ಎಂಟೋ ಓವರು, ಬಾಡಿಗೆ ಮೈಕಿನಲ್ಲಿ ಉಸಿರು ಬಿಡದ ಕಾಮೆಂಟ್ರಿ.

ಫೈನಲ್ ಮುಗಿದು ಕಪ್ಪು ಒಂದೂರಿಗೆ ಹೋದ ಮೇಲೆ ಕಟ್ಟೆಯ ಮೇಲೆ ಮಾತು ಏಳುತ್ತದೆ. ‘ಗೆದ್ದವ್ರು ಅಷ್ಟು ಗಟ್ಟಿ ಇದ್ರ, ಉಳಿದ ಊರಿನ ಚಲೋ ಹುಡುಗ್ರನ್ನೆಲ್ಲ ಕೂಡಿಸಿ ಒಂದು ಟೀಮ್ ಮಾಡ್ತೀವಿ. ಅದ್ರ ಮ್ಯಾಲ ಗೆಲ್ಲಿ, ನೋಡೂಣು.’ ಮಾನ್ವಿಯ ವೇಗದ ಬೌಲರ್, ಸಿರವಾರದ ಎಡಗೈ ಆಟಗಾರ, ದೇವದುರ್ಗದ ಸಿಕ್ಸರ್ ಹುಡುಗ ಎಂದು ಹೆಸರು ಕೂಡಿಸುತ್ತ ಹೋದರೆ ಆ ತಂಡಕ್ಕೆ ಸೋಲೇ ಇಲ್ಲ ಅನಿಸುತ್ತದೆ. ಮೈದಾನಕ್ಕೆ ಇಳಿದಾಗ ಮೊದಲ ಓವರ್ ಯಾರು ಹಾಕಬೇಕು ಎಂಬಲ್ಲೇ ತಕರಾರು. ಎರಡನೇ ರನ್ನಿಗೆ ಒಬ್ಬ ಓಡಿ ಬಂದರೆ ಇನ್ನೊಬ್ಬ ಕದಲದೆ ನಿಂತಿರುತ್ತಾನೆ.

ಕಟ್ಟೆಯ ಮೇಲಿನ ಈ ಆಸೆ ಲಂಡನ್, ಮೆಲ್ಬರ್ನ್, ದುಬೈಗಳಲ್ಲಿ ಕ್ರಿಕೆಟ್ ಆಳುವವರ ಆಸೆಯೂ ಹೌದು. ಅಗ್ರಸ್ಥಾನದ ತಂಡದ ಎದುರು ಉಳಿದ ಜಗತ್ತಿನ ಶ್ರೇಷ್ಠರನ್ನು ನಿಲ್ಲಿಸಿ ನೋಡುವ ಪ್ರಯೋಗ ಅರ್ಧ ಶತಮಾನದಿಂದ ಬಿಟ್ಟು ಬಿಟ್ಟು ನಡೆದಿದೆ. ಕೆಲವು ಸಲ ಅದು ಜನರ ಮನಸ್ಸಿನಲ್ಲಿ ಉಳಿಯಿತು, ಕೆಲವು ಸಲ ಖಾಲಿ ಕುರ್ಚಿಗಳ ಮುಂದೆ ಮುಗಿದುಹೋಯಿತು. ಎರಡಕ್ಕೂ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ವಿದೇಶಕ್ಕೆ ಹೋಗುವ ಮೊದಲು ನಮ್ಮ ದೇಶಿ ಕ್ರಿಕೆಟ್ಟನ್ನೇ ನೋಡಬಹುದು. ಇಂಥ ಪಂದ್ಯ ಇಲ್ಲಿ ಅರವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿದೆ. ಅದರ ಕಥೆಯಲ್ಲಿ ರಾಯಚೂರಿನವರಿಗೂ ಒಂದು ಪಾಲಿದೆ.

ರೈಲ್ವೆ ತಂಡ ಮತ್ತು ರಾಯಚೂರಿನ ಯರೇಗೌಡ

1934-35ರಲ್ಲಿ ಶುರುವಾದ ರಣಜಿ ಟ್ರೋಫಿಗೆ 25 ವರ್ಷ ತುಂಬಿದ ನೆನಪಿಗೆ 1959-60ರ ಋತುವಿನಲ್ಲಿ ಒಂದು ಪಂದ್ಯ ಏರ್ಪಟ್ಟಿತು. ರಣಜಿ ಗೆದ್ದ ತಂಡ ಒಂದು ಕಡೆ, ದೇಶದ ಉಳಿದೆಲ್ಲ ತಂಡಗಳಿಂದ ಆಯ್ದ ಹನ್ನೊಂದು ಮಂದಿ ಇನ್ನೊಂದು ಕಡೆ. ಕ್ರಿಕೆಟ್ ಮಂಡಳಿ ಹುಟ್ಟಿದಾಗಿನಿಂದ ಅದರೊಂದಿಗಿದ್ದ ಝಾಲ್ ಇರಾನಿ ಅವರ ಹೆಸರನ್ನು ಪಂದ್ಯಕ್ಕೆ ಇಟ್ಟರು. ಆಯ್ದವರ ತಂಡವನ್ನು ರೆಸ್ಟ್ ಆಫ್ ಇಂಡಿಯಾ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಅದು ಶೇಷ ಭಾರತ. ಪಂದ್ಯ ಐದು ದಿನದ್ದು. ಅಷ್ಟರಲ್ಲಿ ಸೋಲು ಗೆಲುವು ತೀರ್ಮಾನವಾಗದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರಿಗೆ ಕಪ್.

ಮೇಲುನೋಟಕ್ಕೆ ಇದು ಸಮನಲ್ಲದ ಪಂದ್ಯ. ಒಂದು ರಾಜ್ಯದ ಹುಡುಗರು ಇಡೀ ದೇಶದ ಎದುರು ನಿಲ್ಲಬೇಕು. ಲೆಕ್ಕವೂ ಒಂದು ಮಟ್ಟಿಗೆ ಹಾಗೇ ಇದೆ: 2023ರ ಹೊತ್ತಿಗೆ ಶೇಷ ಭಾರತ 30 ಸಲ ಇರಾನಿ ಕಪ್ ಎತ್ತಿತ್ತು. ಆದರೆ ಅರ್ಧದಷ್ಟು ಸಲ ಆಯ್ದವರೇ ಗೆದ್ದರು ಎನ್ನುವುದರ ಇನ್ನೊಂದು ಮುಖವನ್ನೂ ನೋಡಬೇಕು. ಉಳಿದ ಅರ್ಧದಷ್ಟು ಸಲ ಒಂದೇ ರಾಜ್ಯದ, ಇಲ್ಲವೇ ಒಂದೇ ಇಲಾಖೆಯ ತಂಡ ಇಡೀ ದೇಶದ ಆಯ್ದ ಆಟಗಾರರಿಗೆ ಕಪ್ ಬಿಟ್ಟುಕೊಟ್ಟಿಲ್ಲ.

ಇಲಾಖೆ ಎಂದದ್ದು ರೈಲ್ವೆಯನ್ನು. ಮುಂಬೈಯಂಥ ಕ್ಲಬ್ ಪರಂಪರೆಯಾಗಲೀ ಕರ್ನಾಟಕದಂಥ ಹಿನ್ನೆಲೆಯಾಗಲೀ ಇಲ್ಲದ ತಂಡ ಅದು. ತಮ್ಮ ರಾಜ್ಯದಲ್ಲಿ ಜಾಗ ಸಿಗದವರು, ಕ್ರಿಕೆಟ್ಟಿನ ಜೊತೆಗೆ ಒಂದು ನೌಕರಿಯೂ ಬೇಕಾದವರು ಅಲ್ಲಿ ಸೇರುತ್ತಿದ್ದರು. ಆ ತಂಡ 2001-02 ಮತ್ತು 2004-05ರಲ್ಲಿ ರಣಜಿ ಗೆದ್ದಿತು. ಎರಡು ಸಲವೂ ಮುಂದಿನ ಋತುವಿನ ಇರಾನಿಯಲ್ಲಿ ಶೇಷ ಭಾರತವನ್ನು ಸೋಲಿಸಿತು. ಸಂಜಯ್ ಬಾಂಗರ್, ಮುರಳಿ ಕಾರ್ತಿಕ್ ಅವರಂಥ ಕೆಲವರು ಭಾರತಕ್ಕೂ ಆಡಿದರು. ಆ ವರ್ಷಗಳಲ್ಲಿ ರೈಲ್ವೆಯ ಮಧ್ಯಮ ಕ್ರಮಾಂಕವನ್ನು ಹೊತ್ತು ನಿಂತ ಯರೇಗೌಡ ಮಾತ್ರ ಭಾರತ ತಂಡದ ಬಾಗಿಲು ದಾಟಲಿಲ್ಲ.

ಯರೇಗೌಡ ಹುಟ್ಟಿದ್ದು ರಾಯಚೂರಿನಲ್ಲಿ, 1971ರಲ್ಲಿ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು. ಮೂರು ವಿಕೆಟ್ ಬೇಗ ಬಿದ್ದಾಗ ಬಂದು, ಇಡೀ ದಿನ ಕಾದು, ತಂಡವನ್ನು ದಡ ಸೇರಿಸುವ ಆಟ ಅವರದು. ಕೊನೆಯ ವರ್ಷಗಳಲ್ಲಿ ಕರ್ನಾಟಕಕ್ಕೆ ಮರಳಿ ಆಡಿದರು, ಮುಂದೆ ರಾಜ್ಯ ತಂಡದ ಕೋಚ್ ಆದರು. ಜಗತ್ತಿನ ಶ್ರೇಷ್ಠರ ಪಟ್ಟಿ ಮಾಡುವವರ ಕಣ್ಣಿಗೆ ಇಂಥವರು ಬೀಳುವುದಿಲ್ಲ. ಆದರೆ ರೈಲ್ವೆಯಂಥ ತಂಡ ಆಯ್ದವರ ಎದುರು ಗೆದ್ದದ್ದು ಇಂಥವರ ಬಲದಿಂದ. ರಾಯಚೂರಿನ ಹುಡುಗರಿಗೆ ಈ ಹೆಸರನ್ನು ನಾವು ಸಾಕಷ್ಟು ಸಲ ಹೇಳಿಲ್ಲ ಎಂಬ ಕೊರಗು ನನಗಿದೆ.

ಚಿನ್ನಸ್ವಾಮಿಯಲ್ಲಿ ಎರಡು ಪಂದ್ಯ, ಎರಡು ರೀತಿ

ಎಂಟು ಸಲ ರಣಜಿ ಗೆದ್ದಿರುವ ಕರ್ನಾಟಕ ಇರಾನಿಯನ್ನು ಆರು ಸಲ ಗೆದ್ದಿದೆ. ಅದರಲ್ಲಿ ಕೊನೆಯ ಎರಡು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆನ್ನುಬೆನ್ನಿಗೆ ನಡೆದವು, ಈ ಚರ್ಚೆಗೆ ಬಹಳ ಹತ್ತಿರದವು.

2014ರ ಫೆಬ್ರುವರಿ ಆರಂಭದಲ್ಲಿ ಹೈದರಾಬಾದ್‌ನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ರಣಜಿ ಗೆದ್ದಿತು. ವಾರ ಕಳೆಯುವುದರೊಳಗೆ ಇರಾನಿ. ಶೇಷ ಭಾರತಕ್ಕೆ ಹರಭಜನ್ ಸಿಂಗ್ ನಾಯಕ, ತಂಡದಲ್ಲಿ ಗೌತಮ್ ಗಂಭೀರ್. ಕರ್ನಾಟಕಕ್ಕೆ ವಿನಯ್ ಕುಮಾರ್ ನಾಯಕ. ಶೇಷ ಭಾರತ 201ಕ್ಕೆ ಆಲೌಟ್. ವಿನಯ್‌ಗೆ ಆರು ವಿಕೆಟ್. ಕರ್ನಾಟಕ 606. ಎರಡನೇ ಇನಿಂಗ್ಸ್‌ನಲ್ಲಿ ಆಯ್ದವರು 183ಕ್ಕೆ ಮುಗಿದರು. ಗೆಲುವು ಇನಿಂಗ್ಸ್ ಮತ್ತು 222 ರನ್‌ಗಳದು.

ತಿಂಗಳುಗಟ್ಟಲೆ ಒಂದೇ ಬಸ್ಸು, ಒಂದೇ ಹೋಟೆಲು, ಒಂದೇ ಡ್ರೆಸಿಂಗ್ ರೂಮು ಹಂಚಿಕೊಂಡು ಬಂದ ತಂಡಕ್ಕೂ ಎರಡು ದಿನ ಮೊದಲು ವಿಮಾನ ಇಳಿದ ತಂಡಕ್ಕೂ ಇರುವ ಅಂತರ ಈ ಅಂಕಿಗಳಲ್ಲಿ ಕಾಣುತ್ತದೆ. ಸ್ಲಿಪ್‌ನಲ್ಲಿ ಯಾರ ಬಲಕ್ಕೆ ಯಾರು, ಯಾವ ಬೌಲರ್ ದಣಿದಾಗ ಮುಖ ಹೇಗಿರುತ್ತದೆ, ಯಾರ ಕರೆಗೆ ಕಣ್ಣು ಮುಚ್ಚಿ ಓಡಬಹುದು ಎಂಬುದನ್ನು ಯಾರೂ ಬರೆದು ಕೊಡಲಾರರು. ಕಾರ್ತಿಕದಲ್ಲಿ ವಿಜಯದಾಸರ ಆರಾಧನೆಗೆ ಚೀಕಲಪರ್ವಿಗೆ ಬಂದವರಿಗೆ ಇದು ಸುಲಭವಾಗಿ ಅರ್ಥವಾದೀತು: ಹತ್ತು ಊರಿನ ಹತ್ತು ಒಳ್ಳೆಯ ಕಂಠಗಳನ್ನು ಅವತ್ತೇ ಕೂಡಿಸಿ ಹಾಡಿಸುವುದಕ್ಕೂ, ವರ್ಷವಿಡೀ ಜೊತೆಗೆ ಹಾಡಿದ ಒಂದೇ ಊರಿನ ಭಜನಾ ಮಂಡಳಿ ಹಾಡುವುದಕ್ಕೂ ತಾಳದಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಮರುವರ್ಷದ ಪಂದ್ಯದ ರೀತಿ ಬೇರೆ. 2015ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ತಮಿಳುನಾಡಿನ ಎದುರು ಫೈನಲ್. ಕರುಣ್ ನಾಯರ್ 328 ಹೊಡೆದದ್ದು ಅದರಲ್ಲೇ. ಅದರ ಬೆನ್ನಿಗೇ ಇರಾನಿ. ಈ ಸಲ ಶೇಷ ಭಾರತ ಸುಲಭಕ್ಕೆ ಬಗ್ಗಲಿಲ್ಲ. ಕರ್ನಾಟಕ 244, ಅವರು 264. ಇಪ್ಪತ್ತು ರನ್‌ಗಳ ಹಿನ್ನಡೆಯಿಂದ ಎದ್ದ ಕರ್ನಾಟಕ ಎರಡನೇ ಇನಿಂಗ್ಸ್‌ನಲ್ಲಿ 422 ಸೇರಿಸಿತು. ಮನೀಷ್ ಪಾಂಡೆ ಔಟಾಗದೆ 123. ಬೆನ್ನಟ್ಟಿದ ಶೇಷ ಭಾರತ 156ಕ್ಕೆ ಕುಸಿದು 246 ರನ್‌ಗಳಿಂದ ಸೋತಿತು. ಅಂತಿಮ ಅಂಕಿ ಏಕಪಕ್ಷೀಯವಾಗಿ ಕಾಣಬಹುದು. ಮೊದಲ ಇನಿಂಗ್ಸ್‌ಗಳು ಮುಗಿದಾಗ ಪಂದ್ಯ ಯಾರ ಕಡೆಗಾದರೂ ಹೋಗಬಹುದಿತ್ತು.

ಆಯ್ದವರಿಗೆ ಅಲ್ಲಿ ಏನು ಸಿಗುತ್ತದೆ?

ಇರಾನಿ ಇಷ್ಟು ವರ್ಷ ಉಳಿದದ್ದಕ್ಕೆ ನಿಜವಾದ ಕಾರಣ ಈ ಪ್ರಶ್ನೆಯಲ್ಲಿದೆ. ಚಾಂಪಿಯನ್ನರಿಗೆ ಮಾನ ಉಳಿಸಿಕೊಳ್ಳುವ ಹಟ ಇರುತ್ತದೆ. ಎದುರಿನವರಿಗೆ ಊರಿಲ್ಲ, ಧ್ವಜವಿಲ್ಲ, ನಾಳೆ ಆ ತಂಡವೇ ಇರುವುದಿಲ್ಲ. ಆದರೂ ಅವರು ಬೆವರು ಸುರಿಸುತ್ತಾರೆ, ಏಕೆಂದರೆ ಆಯ್ಕೆಗಾರರು ಪೆವಿಲಿಯನ್‌ನಲ್ಲಿ ಕುಳಿತಿರುತ್ತಾರೆ. ಭಾರತ ತಂಡಕ್ಕೂ ಆ ಆಟಗಾರನಿಗೂ ನಡುವೆ ಉಳಿದ ಕೊನೆಯ ಮೆಟ್ಟಿಲು ಅದು.

ಅನಿಲ್ ಕುಂಬ್ಳೆ ಅವರನ್ನೇ ನೋಡಿ. 1990ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್‌ಗೆ ಕಾಲಿಟ್ಟರು, ಆಮೇಲೆ ತಂಡದಿಂದ ಹೊರಗುಳಿದರು. 1992ರಲ್ಲಿ ರಣಜಿ ಚಾಂಪಿಯನ್ ದೆಹಲಿಯ ಎದುರು ಶೇಷ ಭಾರತದ ಪರ ಆಡಿ ಒಂದೇ ಪಂದ್ಯದಲ್ಲಿ 13 ವಿಕೆಟ್ ಕಿತ್ತರು. ಅದೇ ವರ್ಷ ಜಿಂಬಾಬ್ವೆ ಮತ್ತು ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಕರೆ ಬಂತು, ಜೊಹಾನೆಸ್‌ಬರ್ಗ್‌ನಲ್ಲಿ ಇನಿಂಗ್ಸ್ ಒಂದರಲ್ಲಿ ಆರು ವಿಕೆಟ್ ಬಿತ್ತು. 619 ಟೆಸ್ಟ್ ವಿಕೆಟ್‌ಗಳ ದಾರಿ ಮತ್ತೆ ತೆರೆದದ್ದು ಒಂದು ಇರಾನಿ ಪಂದ್ಯದಿಂದ.

2016ರಲ್ಲಿ ಮುಂಬೈಯಲ್ಲಿ ಶೇಷ ಭಾರತಕ್ಕೆ ಗುರಿ 480. ನಾಲ್ಕನೇ ಇನಿಂಗ್ಸ್‌ನಲ್ಲಿ ಅಷ್ಟು ರನ್ ಬೆನ್ನಟ್ಟಿ ಗೆಲ್ಲುವುದು ಯಾವ ತಂಡಕ್ಕೂ ಬೆಟ್ಟದ ಕೆಲಸ. ನಾಲ್ಕು ದಿನದ ಗೆಳೆತನದ ತಂಡ ಅದನ್ನು ಮಾಡಿ ತೋರಿಸಿತು. ಫೈಜ್ ಫಜಲ್ ಶತಕ ಹೊಡೆದರೆ ಕರುಣ್ ನಾಯರ್ 92, ಸ್ಟುವರ್ಟ್ ಬಿನ್ನಿ ಅರ್ಧ ಶತಕ. ಆ ವರ್ಷ ಮುಗಿಯುವ ಮೊದಲೇ ಕರುಣ್ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ತ್ರಿಶತಕ ಗಳಿಸಿದ್ದರು. 2023ರ ಮಾರ್ಚ್‌ನಲ್ಲಿ ಗ್ವಾಲಿಯರ್‌ನಲ್ಲಿ ಮಧ್ಯಪ್ರದೇಶದ ಎದುರು ಯಶಸ್ವಿ ಜೈಸ್ವಾಲ್ 213 ಮತ್ತು 144 ಹೊಡೆದರು; ಇರಾನಿಯ ಒಂದೇ ಪಂದ್ಯದಲ್ಲಿ ದ್ವಿಶತಕ, ಶತಕ ಎರಡನ್ನೂ ಗಳಿಸಿದ ಮೊದಲಿಗ ಅವರು. ಜುಲೈನಲ್ಲಿ ಡೊಮಿನಿಕಾದಲ್ಲಿ ಟೆಸ್ಟ್ ಪದಾರ್ಪಣೆ, ಅಲ್ಲಿ 171.

ಹೀಗೆ ಎರಡೂ ಕಡೆಯವರಿಗೆ ಕಳೆದುಕೊಳ್ಳಲು ಏನೋ ಒಂದು ಇದ್ದಾಗ ಹನ್ನೊಂದು ಅಪರಿಚಿತರೂ ತಂಡವಾಗುತ್ತಾರೆ.

ದ್ರಾವಿಡ್ ಇದ್ದ ವಿಶ್ವ ತಂಡ

ಈಗ 2005ರ ಅಕ್ಟೋಬರ್‌ಗೆ ಬರೋಣ. ಐಸಿಸಿ ಸೂಪರ್ ಸಿರೀಸ್ ಎಂದು ಹೆಸರಿಟ್ಟು, ಅಗ್ರಸ್ಥಾನದ ಆಸ್ಟ್ರೇಲಿಯಾ ಎದುರು ವಿಶ್ವ ತಂಡವನ್ನು ನಿಲ್ಲಿಸಿತು. ಮೆಲ್ಬರ್ನ್‌ನ ಚಾವಣಿಯಿದ್ದ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಲ್ಲಿ ಮೂರು ಏಕದಿನ ಪಂದ್ಯ, ಸಿಡ್ನಿಯಲ್ಲಿ ಆರು ದಿನದ ಒಂದು ಟೆಸ್ಟ್. ಆಯ್ಕೆ ಸಮಿತಿಗೆ ಸುನಿಲ್ ಗಾವಸ್ಕರ್ ಅಧ್ಯಕ್ಷರು. ನಾಲ್ಕು ವರ್ಷಕ್ಕೊಮ್ಮೆ ಇದನ್ನು ನಡೆಸುವ ಯೋಚನೆಯೂ ಇತ್ತು.

ಟೆಸ್ಟ್ ತಂಡದ ಪಟ್ಟಿ ಓದಿದರೆ ಇವತ್ತಿಗೂ ಮೈ ನವಿರೇಳುತ್ತದೆ: ಗ್ರೇಮ್ ಸ್ಮಿತ್, ವೀರೇಂದ್ರ ಸೆಹ್ವಾಗ್, ನಮ್ಮ ರಾಹುಲ್ ದ್ರಾವಿಡ್, ಬ್ರಯಾನ್ ಲಾರಾ, ಜಾಕ್ ಕಾಲಿಸ್, ಇಂಜಮಾಮ್ ಉಲ್ ಹಕ್, ಆಂಡ್ರ್ಯೂ ಫ್ಲಿಂಟಾಫ್, ಮಾರ್ಕ್ ಬೌಷರ್, ಡೇನಿಯಲ್ ವೆಟೋರಿ, ಸ್ಟೀವ್ ಹಾರ್ಮಿಸನ್, ಮುತ್ತಯ್ಯ ಮುರಳೀಧರನ್. ಮೊಣಕೈ ನೋವಿನಿಂದ ಸಚಿನ್ ತೆಂಡೂಲ್ಕರ್ ದೂರ ಉಳಿದರು. ಅವರಿಲ್ಲದೆಯೂ ಇದಕ್ಕಿಂತ ಬಲವಾದ ಬ್ಯಾಟಿಂಗ್ ಸಾಲು ಬರೆಯುವುದು ಕಷ್ಟ.

ಆಟ ನಡೆದದ್ದು ಹೀಗೆ. ಏಕದಿನದಲ್ಲಿ ಆಸ್ಟ್ರೇಲಿಯಾಕ್ಕೆ ಮೂರಕ್ಕೆ ಮೂರೂ ಗೆಲುವು. ಅಂತರ 93, 55, 156 ರನ್. ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ 345 ಮತ್ತು 199, ವಿಶ್ವ ತಂಡ 190 ಮತ್ತು 144. ಆರು ದಿನದ ಪಂದ್ಯ ನಾಲ್ಕನೇ ದಿನಕ್ಕೆ ಮುಗಿಯಿತು. ದ್ರಾವಿಡ್ ಗಳಿಸಿದ್ದು 0 ಮತ್ತು 23, ಲಾರಾ 5 ಮತ್ತು 36, ಇಂಜಮಾಮ್ 1 ಮತ್ತು 0. ಶೇನ್ ವಾರ್ನ್ ಆರು ವಿಕೆಟ್ ತೆಗೆದರೆ ಅವರ ನೆರಳಲ್ಲೇ ವೃತ್ತಿ ಕಳೆದ ಸ್ಟುವರ್ಟ್ ಮೆಕ್‌ಗಿಲ್ ಒಂಬತ್ತು ತೆಗೆದರು. ಮ್ಯಾಥ್ಯೂ ಹೇಡನ್ ಶತಕ ಹೊಡೆದರು. ವಿಶ್ವ ತಂಡದಲ್ಲಿ ನಿಜವಾಗಿ ದುಡಿದವರೆಂದರೆ ಏಳು ವಿಕೆಟ್ ಪಡೆದ ಫ್ಲಿಂಟಾಫ್, ಮೊದಲ ಇನಿಂಗ್ಸ್‌ನಲ್ಲಿ 76 ಗಳಿಸಿದ ಸೆಹ್ವಾಗ್, ಎರಡೂ ಸಲ ನಿಂತು ಆಡಿದ ಕಾಲಿಸ್. ಏಕದಿನ ಪಂದ್ಯಗಳಿಗೆ ಪ್ರೇಕ್ಷಕರು ನಿರೀಕ್ಷೆಯಷ್ಟು ಬರಲಿಲ್ಲ.

ಆಟಗಾರರನ್ನು ಬೈದು ಪ್ರಯೋಜನವಿಲ್ಲ. ಒಬ್ಬರು ವಿಶ್ರಾಂತಿಯ ತಿಂಗಳಿನಿಂದ ಬಂದಿದ್ದರು, ಇನ್ನೊಬ್ಬರು ದಣಿದು ಬಂದಿದ್ದರು. ಒಟ್ಟಿಗೆ ಅಭ್ಯಾಸಕ್ಕೆ ಸಿಕ್ಕಿದ್ದು ಕೆಲವೇ ದಿನ. ಎದುರಾಳಿಗಳಾದರೋ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಆ್ಯಷಸ್ ಕಳೆದುಕೊಂಡು ಗಾಯಗೊಂಡಿದ್ದವರು, ತಮ್ಮ ನೆಲದಲ್ಲಿ ತಮ್ಮ ಜನರ ಮುಂದೆ ಮಾನ ಮರಳಿ ಪಡೆಯಲು ಕಾದಿದ್ದವರು. ಅದರ ಜೊತೆಗೆ, ಆ್ಯಷಸ್ ಸೋತ ಮೇಲೆ ‘ಯಾರೂ ಸೋಲಿಸಲಾರದ ಆಸ್ಟ್ರೇಲಿಯಾ’ ಎಂಬ ಈ ಸರಣಿಯ ಮೂಲ ಕಾರಣವೇ ಅರ್ಧ ಕರಗಿತ್ತು. ಅದೇ 2005-06ರ ಋತುವಿನಲ್ಲಿ ಇತ್ತ ರೈಲ್ವೆ ತಂಡ ಶೇಷ ಭಾರತವನ್ನು ಸೋಲಿಸಿತ್ತು. ಅಲ್ಲೂ ಆಯ್ದವರು ಸೋತರು, ಆದರೆ ಸೋತವರಿಗೆ ಅದು ನೋಯಿಸುವ ಸೋಲು. ವಿಶ್ವ ತಂಡಕ್ಕೆ ಆ ನೋವು ಇರಲು ಕಾರಣವೇ ಇರಲಿಲ್ಲ. ಪಂದ್ಯ ಮುಗಿದ ಮರುದಿನ ಅವರವರ ದೇಶ ಅವರವರಿಗೆ ಕಾದಿತ್ತು. ದ್ರಾವಿಡ್‌ಗೆ ಭಾರತ ತಂಡದ ನಾಯಕತ್ವವೇ ಕಾದಿತ್ತು.

ಸೂಪರ್ ಸಿರೀಸ್ ಮತ್ತೆ ನಡೆಯಲಿಲ್ಲ.

ದಾಖಲೆ ಪುಸ್ತಕದಲ್ಲಿ ಉಳಿದ ಗೋಜಲು

ಸರಣಿ ನಿಂತರೂ ಅದರ ಅಂಕಿ ನಿಲ್ಲಲಿಲ್ಲ. ಐಸಿಸಿ ಆ ಸಿಡ್ನಿ ಪಂದ್ಯವನ್ನು ಅಧಿಕೃತ ಟೆಸ್ಟ್ ಎಂದು ಎಣಿಸಿದೆ. ಅಂಕಿ ಅಂಶ ಬರೆಯುತ್ತಿದ್ದ ಬಿಲ್ ಫ್ರಿಂಡಲ್ ಅವರಂಥ ಹಿರಿಯರು ಅದನ್ನು ಒಪ್ಪಲಿಲ್ಲ.

ದ್ರಾವಿಡ್ ಅವರ 164 ಟೆಸ್ಟ್‌ಗಳಲ್ಲಿ ಭಾರತಕ್ಕೆ ಆಡಿದ್ದು 163. ಅವರ 13,288 ರನ್‌ಗಳಲ್ಲಿ ಸಿಡ್ನಿಯ 23 ಸೇರಿದೆ. ಮುರಳೀಧರನ್ ಅವರ ಪ್ರಸಿದ್ಧ 800 ವಿಕೆಟ್‌ಗಳಲ್ಲಿ ಶ್ರೀಲಂಕಾಕ್ಕೆ ತೆಗೆದದ್ದು 795, ಉಳಿದ ಐದು ವಿಶ್ವ ತಂಡದ್ದು. 2010ರಲ್ಲಿ ಗಾಲ್‌ನಲ್ಲಿ ಭಾರತದ ಕೊನೆಯ ವಿಕೆಟ್ ತೆಗೆದು 800 ಮುಟ್ಟಿ ಅವರು ವಿದಾಯ ಹೇಳಿದ ಕ್ಷಣ ಎಷ್ಟು ಚೆಂದವಿತ್ತು! ಆ ಐದು ಇಲ್ಲದಿದ್ದರೆ ಲೆಕ್ಕವೇ ಬೇರೆ.

ಇದಕ್ಕೆ ಪೂರಾ ವಿರುದ್ಧದ ಕಥೆ ವೇಲ್ಸ್‌ನ ಗ್ಲಾಮೊರ್ಗನ್ ಕೌಂಟಿಯ ಆರಂಭಿಕ ಆಟಗಾರ ಆಲನ್ ಜೋನ್ಸ್ ಅವರದು. 1970ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವ ತಂಡದ ಎದುರು ಇಂಗ್ಲೆಂಡ್ ಪರ ಆಡಿದರು. ಆಡುವಾಗ ಅದನ್ನು ಟೆಸ್ಟ್ ಎಂದೇ ಹೇಳಲಾಗಿತ್ತು. ಆಮೇಲೆ ಆ ಸರಣಿಯ ಟೆಸ್ಟ್ ಮಾನ್ಯತೆ ತೆಗೆದುಹಾಕಿದರು. ಅವರಿಗೆ ಮತ್ತೆ ಅವಕಾಶ ಬರಲಿಲ್ಲ. ಪ್ರಥಮ ದರ್ಜೆಯಲ್ಲಿ 36 ಸಾವಿರಕ್ಕೂ ಹೆಚ್ಚು ರನ್ ಗಳಿಸಿಯೂ ಟೆಸ್ಟ್ ಆಟಗಾರ ಎನಿಸಿಕೊಳ್ಳದೆ ಉಳಿದರು. ಐವತ್ತು ವರ್ಷದ ನಂತರ, 2020ರಲ್ಲಿ, ಇಂಗ್ಲೆಂಡ್ ಮಂಡಳಿ ಅವರಿಗೆ 696ನೇ ಸಂಖ್ಯೆಯ ಕ್ಯಾಪ್ ಕೊಟ್ಟು ಗೌರವಿಸಿತು.

ಒಂದು ವಿಶ್ವ ತಂಡದ ಪಂದ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡು ಇನ್ನೊಂದನ್ನು ಬಿಟ್ಟದ್ದು ನ್ಯಾಯವಲ್ಲ. ದೇಶ ದೇಶಗಳ ನಡುವೆ ನಡೆದದ್ದು ಟೆಸ್ಟ್. ಆಯ್ದವರ ತಂಡ ಆಡಿದ್ದು ಬೇರೆ ಬಗೆಯ ಪಂದ್ಯ. ಅದನ್ನು ಬೇರೆ ಪುಟದಲ್ಲಿ ಬರೆದಿಟ್ಟರೆ ಯಾರ ಮಾನವೂ ಹೋಗುವುದಿಲ್ಲ.

ವಿಶ್ವ ತಂಡ ಬೇಕೇ ಬೇಕಾಗಿದ್ದ ದಿನಗಳು

ಹಾಗೆಂದು ವಿಶ್ವ ತಂಡದ ಕಲ್ಪನೆಯನ್ನೇ ಬೇಡ ಎನ್ನುವ ಹಾಗಿಲ್ಲ. ಆಲನ್ ಜೋನ್ಸ್ ಆಡಿದ ಆ 1970ರ ಸರಣಿ ನಡೆದ ಕಾರಣ ದೊಡ್ಡದು. ವರ್ಣಭೇದದ ದಕ್ಷಿಣ ಆಫ್ರಿಕಾ ಇಂಗ್ಲೆಂಡಿಗೆ ಬರಬೇಕಿತ್ತು. ಜನರ ಪ್ರತಿಭಟನೆಯಿಂದ ಪ್ರವಾಸ ರದ್ದಾಯಿತು. ಆ ಜಾಗಕ್ಕೆ ವಿಶ್ವ ತಂಡ ಬಂತು. ನಾಯಕ ವೆಸ್ಟ್ ಇಂಡೀಸ್‌ನ ಕಪ್ಪು ಆಟಗಾರ ಗ್ಯಾರಿ ಸೋಬರ್ಸ್. ಅವರ ಕೈಕೆಳಗೆ ದಕ್ಷಿಣ ಆಫ್ರಿಕಾದ ಬಿಳಿಯರಾದ ಗ್ರೇಮ್ ಪೊಲಾಕ್, ಬ್ಯಾರಿ ರಿಚರ್ಡ್ಸ್, ಎಡ್ಡಿ ಬಾರ್ಲೊ, ಮೈಕ್ ಪ್ರಾಕ್ಟರ್. ನಮ್ಮ ಫಾರೂಕ್ ಎಂಜಿನಿಯರ್, ಪಾಕಿಸ್ತಾನದ ಇಂತಿಖಾಬ್ ಆಲಂ ಕೂಡ ಅಲ್ಲಿದ್ದರು. ಪ್ರಿಟೋರಿಯಾದ ಕಾನೂನು ಒಂದೇ ಮೈದಾನದಲ್ಲಿ ಆಡಲು ಬಿಡದವರು ಲಾರ್ಡ್ಸ್‌ನಲ್ಲಿ ಒಂದೇ ತಂಡವಾಗಿ ಆಡಿದರು. ಸರಣಿ 4-1ರಿಂದ ವಿಶ್ವ ತಂಡದ್ದಾಯಿತು. ಮರುವರ್ಷ ಇದೇ ಕಾರಣಕ್ಕೆ ಆಸ್ಟ್ರೇಲಿಯಾದಲ್ಲೂ ಅಂಥ ಸರಣಿ ನಡೆಯಿತು. ಸುನಿಲ್ ಗಾವಸ್ಕರ್, ಬಿಷನ್ ಸಿಂಗ್ ಬೇಡಿ ಆಡಿದರು. ಮೆಲ್ಬರ್ನ್‌ನಲ್ಲಿ ಸೋಬರ್ಸ್ ಹೊಡೆದ 254 ರನ್‌ಗಳ ಆಟವನ್ನು ಡಾನ್ ಬ್ರಾಡ್ಮನ್ ಬಾಯ್ತುಂಬ ಹೊಗಳಿದರು.

2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂತು. 2005ರ ಜನವರಿ 10ರಂದು ಮೆಲ್ಬರ್ನ್ ಮೈದಾನದಲ್ಲಿ ಏಷ್ಯಾ ತಂಡಕ್ಕೂ ವಿಶ್ವ ತಂಡಕ್ಕೂ ಪಂದ್ಯ. ಕುಂಬ್ಳೆ, ದ್ರಾವಿಡ್ ಇಬ್ಬರೂ ಏಷ್ಯಾದ ಪರ ಆಡಿದರು; ದ್ರಾವಿಡ್ ಔಟಾಗದೆ 75. ಸುಮಾರು 70 ಸಾವಿರ ಜನ ಸೇರಿದ್ದರು. ಸಂತ್ರಸ್ತರಿಗಾಗಿ ಒಂದು ಕೋಟಿ ಆಸ್ಟ್ರೇಲಿಯಾ ಡಾಲರಿಗೂ ಹೆಚ್ಚು ಹಣ ಕೂಡಿತು. ಏಷ್ಯಾ ತಂಡ 112 ರನ್‌ಗಳಿಂದ ಸೋತಿತು ಎಂಬುದು ಈಗ ಯಾರಿಗೂ ನೆನಪಿಲ್ಲ, ನೆನಪಿರಬೇಕಾಗಿಯೂ ಇಲ್ಲ. ಅದೇ ನಗರದಲ್ಲಿ ಒಂಬತ್ತು ತಿಂಗಳ ನಂತರ ಸೂಪರ್ ಸಿರೀಸ್‌ಗೆ ಕುರ್ಚಿಗಳು ಖಾಲಿ ಉಳಿದವು.

ಲಾಹೋರ್ ಇನ್ನೊಂದು ಉದಾಹರಣೆ. 2009ರ ಮಾರ್ಚ್‌ನಲ್ಲಿ ಶ್ರೀಲಂಕಾ ಆಟಗಾರರ ಬಸ್ಸಿನ ಮೇಲೆ ಗುಂಡಿನ ದಾಳಿ ನಡೆದ ಮೇಲೆ ದೊಡ್ಡ ತಂಡಗಳು ಪಾಕಿಸ್ತಾನಕ್ಕೆ ಹೋಗುವುದನ್ನು ಬಿಟ್ಟವು. 2017ರ ಸೆಪ್ಟೆಂಬರ್‌ನಲ್ಲಿ ಫಾಫ್ ಡು ಪ್ಲೆಸಿ ನಾಯಕತ್ವದ ವಿಶ್ವ ತಂಡ ಅಲ್ಲಿಗೆ ಹೋಗಿ ಮೂರು ಟಿ20 ಆಡಿತು. ಪಾಕಿಸ್ತಾನ 2-1ರಿಂದ ಗೆದ್ದಿತು. ಮರುತಿಂಗಳೇ ಶ್ರೀಲಂಕಾ ತಂಡ ಲಾಹೋರಿಗೆ ಬಂದು ಒಂದು ಟಿ20 ಆಡಿತು. 2019ರ ಕೊನೆಗೆ ಟೆಸ್ಟ್ ಕ್ರಿಕೆಟ್ಟೂ ಮರಳಿತು. ಯಾವುದೇ ಒಂದು ದೇಶದ ಮಂಡಳಿ ಮೊದಲ ಹೆಜ್ಜೆ ಇಡಲು ಹಿಂಜರಿದಾಗ ಎಲ್ಲ ದೇಶಗಳ ಹೆಸರಿನಲ್ಲಿ ಆ ಹೆಜ್ಜೆ ಇಡಬಲ್ಲದ್ದು ವಿಶ್ವ ತಂಡವೊಂದೇ.

ಈಗ ಆ ಕುತೂಹಲ ತಣಿದಿದೆ

1970ರಲ್ಲಿ ಸೋಬರ್ಸ್, ಪೊಲಾಕ್ ಒಟ್ಟಿಗೆ ಬ್ಯಾಟ್ ಮಾಡುವುದು ಹಿಂದೆಂದೂ ಕಾಣದ ನೋಟ. 2005ರಲ್ಲೂ ದ್ರಾವಿಡ್, ಕಾಲಿಸ್ ಒಂದೇ ತಂಡದಲ್ಲಿ ಎಂದರೆ ಅಚ್ಚರಿಯೇ. 2008ರಲ್ಲಿ ಐಪಿಎಲ್ ಬಂತು. ಅದೇ ಇಬ್ಬರು ಅದೇ ವರ್ಷ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಯ ಅಂಗಿ ತೊಟ್ಟು ಆಡಿದರು. ಮುಂದೆ ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರನ್ನು ಒಂದೇ ಸಂಜೆ ನೋಡುವುದು ನಮಗೆ ರೂಢಿಯಾಯಿತು. ಆ ಮೂವರು ಒಟ್ಟಿಗಿದ್ದ ಅಷ್ಟೂ ವರ್ಷ ಕಪ್ ಬರಲಿಲ್ಲ ಎಂಬುದನ್ನು ಬೆಂಗಳೂರಿನ ಅಭಿಮಾನಿಗಳಿಗೆ ಹೇಳಿಕೊಡಬೇಕಾಗಿಲ್ಲ. ಅದು ಬಂದದ್ದು 2025ರಲ್ಲಿ. ಜಗತ್ತಿನ ತಾರೆಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಈಗ ಲೀಗುಗಳು ವರ್ಷವಿಡೀ ಮಾಡುತ್ತಿವೆ.

ಅತ್ಯುತ್ತಮ ತಂಡ ಯಾವುದು ಎಂಬ ಪ್ರಶ್ನೆಗೂ ಈಗ ಬೇರೆ ಉತ್ತರವಿದೆ. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಎರಡು ವರ್ಷ ನಡೆದು ಮೊದಲೆರಡು ಸ್ಥಾನದ ತಂಡಗಳು ಫೈನಲ್ ಆಡುತ್ತವೆ. 2021ರಲ್ಲಿ ನ್ಯೂಜಿಲೆಂಡ್, 2023ರಲ್ಲಿ ಆಸ್ಟ್ರೇಲಿಯಾ, 2025ರಲ್ಲಿ ದಕ್ಷಿಣ ಆಫ್ರಿಕಾ ಗೆದ್ದವು. 2021ರ ಸೋಲಿಗೂ 2023ರ ಸೋಲಿಗೂ ನಾವು ಎಷ್ಟು ದಿನ ಮರುಗಿದೆವು! ಅಗ್ರಸ್ಥಾನದ ತಂಡವನ್ನು ಅಳೆಯಲು ವಿಶ್ವ ತಂಡವನ್ನು ಕಟ್ಟುವ ಅಗತ್ಯ ಇನ್ನಿಲ್ಲ.

ಮಾಡಬೇಕಾದ್ದು ಇಲ್ಲೇ ಇದೆ

ಹೀಗಿರುವಾಗ ವಿಶ್ವ ತಂಡ ದುರಂತದ ನೆರವಿಗೆ, ಮುಚ್ಚಿದ ಬಾಗಿಲು ತೆರೆಯುವುದಕ್ಕೆ ಆಡಲಿ. ಅದರ ಅಂಕಿಗಳನ್ನು ಟೆಸ್ಟ್ ಪುಸ್ತಕಕ್ಕೆ ಸೇರಿಸುವುದು ಬೇಡ. ಆದರೆ ಇರಾನಿ ಕಪ್ ಸೊರಗಲು ಬಿಡಬಾರದು, ಮತ್ತು ಅದು ಸೊರಗುತ್ತಿದೆ.

ಪಂದ್ಯಕ್ಕೆ ಒಂದು ನೆಲೆಯಾದ ದಿನಾಂಕವಿಲ್ಲ. ಮೊದಲು ಋತುವಿನ ಕೊನೆಗೆ ಇತ್ತು, 1965ರ ನಂತರ ಆರಂಭಕ್ಕೆ ಬಂತು, 2013ರಲ್ಲಿ ಮತ್ತೆ ರಣಜಿ ಫೈನಲ್‌ನ ಬೆನ್ನಿಗೆ ಹೋಯಿತು, ಆಮೇಲೆ ಅಕ್ಟೋಬರ್‌ಗೆ ಸರಿಯಿತು. 2020ರಲ್ಲಿ ರಣಜಿ ಗೆದ್ದ ಸೌರಾಷ್ಟ್ರ ಕೋವಿಡ್‌ನಿಂದಾಗಿ ಇರಾನಿ ಆಡಲು 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಗೆಲುವಿನ ಬಿಸಿ ಎಲ್ಲಿ ಉಳಿದಿರುತ್ತದೆ? ಭಾರತ ತಂಡದ ಆಟಗಾರರು ಅಂತರರಾಷ್ಟ್ರೀಯ ಪಂದ್ಯಗಳ ನಡುವೆ ಇದಕ್ಕೆ ಸಿಗುವುದು ಅಪರೂಪ. ಇಷ್ಟಾದರೂ ವಿದರ್ಭ 2018, 2019 ಮತ್ತು 2025ರಲ್ಲಿ, ಆಡಿದ ಮೂರೂ ಸಲ, ಕಪ್ ಎತ್ತಿತು. 2019ರಲ್ಲಂತೂ ಬಹುಮಾನದ ಹಣವನ್ನು ಪುಲ್ವಾಮಾದಲ್ಲಿ ಮಡಿದ ಯೋಧರ ಕುಟುಂಬಗಳಿಗೆ ಕೊಟ್ಟಿತು. ದೊಡ್ಡ ಹೆಸರುಗಳಿಲ್ಲದ ತಂಡವೊಂದು ದೇಶದ ಎದುರು ನಿಂತು ಗೆಲ್ಲಬಲ್ಲ ಏಕೈಕ ವೇದಿಕೆ ಇದು.

ಇದೇ ಮಾತು ಕೆಳಗಿನ ಮಟ್ಟಕ್ಕೂ ಸಲ್ಲುತ್ತದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ರಾಯಚೂರು ವಲಯ ಒಂದು. ಕಲ್ಯಾಣ ಕರ್ನಾಟಕದ ಹುಡುಗನಿಗೆ ಬೆಂಗಳೂರಿನ ಆಯ್ಕೆಗಾರರ ಕಣ್ಣಿಗೆ ಬೀಳಲು ಇರುವ ದಾರಿ ವಲಯದ ಆಯ್ದ ತಂಡ. ಬೆಂಗಳೂರಿನ ಹುಡುಗ ವಾರಕ್ಕೊಂದು ಲೀಗ್ ಪಂದ್ಯ ಆಡುತ್ತಾನೆ, ಟರ್ಫ್ ಪಿಚ್ ಮೇಲೆ ಬೆಳೆಯುತ್ತಾನೆ. ಮಾನ್ವಿ, ದೇವದುರ್ಗದ ಹುಡುಗ ಟೆನಿಸ್ ಚೆಂಡಿನಿಂದ ಚರ್ಮದ ಚೆಂಡಿಗೆ ಬರುವಷ್ಟರಲ್ಲೇ ಪ್ರಾಯ ಕಳೆದಿರುತ್ತದೆ. ಅವನಿಗೆ ಆಯ್ದವರ ತಂಡದಲ್ಲಿ ಸಿಗುವ ಒಂದು ಪಂದ್ಯ, ಕುಂಬ್ಳೆಗೆ ದೆಹಲಿಯಲ್ಲಿ ಸಿಕ್ಕ ಪಂದ್ಯದಷ್ಟೇ ಬೆಲೆಯುಳ್ಳದ್ದು.

ಕ್ರಿಕೆಟ್ ಮಂಡಳಿಯವರು ಇರಾನಿ ಕಪ್ಪಿಗೆ ರಣಜಿ ಫೈನಲ್ ಆದ ಎರಡು ವಾರದೊಳಗಿನ ಒಂದು ದಿನವನ್ನು ಕಾಯಂ ಮಾಡಲಿ. ರಾಜ್ಯ ಸಂಸ್ಥೆಯವರು ಪ್ರತಿ ವರ್ಷ ರಾಜ್ಯದ ಅಗ್ರ ಲೀಗ್ ತಂಡವನ್ನು ವಲಯಗಳ ಆಯ್ದ ತಂಡದ ಎದುರು ಆಡಿಸಲಿ, ಆ ಪಂದ್ಯವನ್ನು ಸರದಿಯಂತೆ ಜಿಲ್ಲೆಗಳಿಗೆ ತರಲಿ, ರಣಜಿ ಆಯ್ಕೆಗಾರರನ್ನು ಅಲ್ಲಿ ಕೂರಿಸಲಿ. ಮೊದಲ ಸರದಿ ಯರೇಗೌಡರ ಊರಾದ ರಾಯಚೂರಿಗೆ ಬರಲಿ.